ಮೌನಪ್ಪನ ಹಗ್ಗ

“ಹಗ್ಗ ಮುಟ್ಟಬ್ಯಾಡ್ರಿ ಅಕ್ಕಾರ,” ಎಂದ ಹಣಮಂತ್ರಾಯ. “ದೇವರ ಜಗಲಿ ಮ್ಯಾಲ ಇರೂದರಿ ಅದು.”

ಪ್ರೊಫೆಸರ್ ಉಮೆಸಲ್ಮಾ ಕೈ ಹಿಂದೆಗೆದರು.

ಸುರಪುರದ ಹೊರಗಿನ ಆ ವಿಶ್ವವಿದ್ಯಾಲಯ ಇದ್ದದ್ದು ನಿಜಾಮರ ಕಾಲದ ಜಮೀನ್ದಾರನೊಬ್ಬನ ವಾಡೆಯಲ್ಲಿ. ವಾಡೆಗೆ ಕಲ್ಲು ಹೊತ್ತವರು ಜೀತದಾಳುಗಳು. ಇಷ್ಟು ವರ್ಷಕ್ಕೆ ವಿಶ್ವವಿದ್ಯಾಲಯದ ಮನಸ್ಸು ಚುಚ್ಚಿತ್ತು. ಅವರ ಹೆಸರನ್ನು ಹೆಬ್ಬಾಗಿಲ ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಸಾಕ್ಷಿ ಇದ್ದವರು ತನ್ನಿ ಎಂದು ಉಮೆಸಲ್ಮಾ ಇದ್ದ ಕಮಿಟಿ ಊರೂರಿಗೆ ಹೇಳಿಕಳಿಸಿತ್ತು.

ದೇವಾಪುರದ ಹಣಮಂತ್ರಾಯ ಅದೇ ಹೆಬ್ಬಾಗಿಲ ಕಾವಲುಗಾರ. ಮುಂದಿನ ತಿಂಗಳು ನಿವೃತ್ತಿ. ಅಷ್ಟರೊಳಗೆ ಮುತ್ತಜ್ಜ ಮೌನಪ್ಪನ ಹೆಸರನ್ನು ಆ ಕಲ್ಲಿನಲ್ಲಿ ನೋಡಬೇಕು, ಅವನಿಗೆ ಬೇರೇನೂ ಬೇಕಿರಲಿಲ್ಲ. ಮುತ್ತಜ್ಜ ಕಲ್ಲು ಎಳೆದದ್ದೆಂದು ಮನೆಯವರು ನಂಬಿದ್ದ ಹಗ್ಗದ ಜೊತೆ ಒಂದು ಉರ್ದು ಕಾಗದವನ್ನೂ ತಂದಿದ್ದ. ಮೌನಪ್ಪನ ಜೀತದ ಪತ್ರವೆಂದು ನಾಲ್ಕು ತಲೆಮಾರು ಅದಕ್ಕೆ ಕುಂಕುಮ ಹಚ್ಚಿತ್ತು. ಓದಲು ಬರುವವರು ಮಾತ್ರ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಗೋಡೆಗೊರಗಿ ಅವನದೇ ಕೇರಿಯ ಮುದುಕಿ ಅಯ್ಯಮ್ಮ ಕೂತಿದ್ದಳು, ಬರಿಗೈಯಲ್ಲಿ. ಅಜ್ಜ ರಾಮಲಿಂಗನ ಹೆಸರೊಂದು ಬಿಟ್ಟರೆ ಅವಳಲ್ಲಿ ಏನೂ ಇರಲಿಲ್ಲ. ಸಾಕ್ಷಿಯಿಲ್ಲದೆ ಆಗುವುದಿಲ್ಲವೆಂದು ಕಮಿಟಿ ಎರಡು ಸಲ ವಾಪಸು ಕಳಿಸಿತ್ತು. ಹಣಮಂತ್ರಾಯ ಮಾತಾಡಿಸಿದರೆ ಅವಳು ಮುಖ ತಿರುವಿದಳು. ಅವಳ ಮನೆಯವರು ಇವನ ಮನೆಯ ನೀರನ್ನೂ ಮುಟ್ಟುವುದಿಲ್ಲ. ಹೊಟ್ಟೆಕಿಚ್ಚು, ಅಷ್ಟೇ. ಕೇರಿಯಲ್ಲಿ ಹೊಲ ಇದ್ದದ್ದು ಇವನ ಮನೆತನಕ್ಕೊಂದಕ್ಕೇ.

“ಹಗ್ಗ ಖರೇನ ಮೌನಪ್ಪಂದನ ಏನ್ರಿ ಕಾಕಾ?” ಎಂದು ಉಮೆಸಲ್ಮಾ ಕೇಳಿದರು.

“ಸಾಯೂತನಕ ಅವನ ಕೈ ಬಿಟ್ಟಿದ್ದಿಲ್ಲಂತ್ರಿ.”

“ಅದು ಖರೇ,” ಎಂದಳು ಅಯ್ಯಮ್ಮ, ಗೋಡೆ ಕಡೆ ನೋಡುತ್ತ.

ಉಮೆಸಲ್ಮಾ ಕಾಗದ ಬಿಚ್ಚಿದರು. ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹಣಮಂತ್ರಾಯ ಮುಂದಕ್ಕೆ ಬಾಗಿದ.

“ಸುಳ್ಳ ಕಾಗದ ಅಲ್ರಿ ಅದು.”

“ಸುಳ್ಳಲ್ಲ ಕಾಕಾ. ವಾಡೇದ ಮುದ್ರಿ ಅದ.”

“ಹಂಗಾದ್ರ ಹೆಸರು ಕೆತ್ತಸ್ತೀರಿ?”

“ಕೆತ್ತಸ್ತೀವಿ.”

ಅವನು ಕಣ್ಣೊರೆಸಿಕೊಂಡು ಹಗ್ಗವನ್ನು ಹಣೆಗೆ ಒತ್ತಿಕೊಂಡ.

ಉಮೆಸಲ್ಮಾ ಅವನತ್ತ ನೋಡಲಿಲ್ಲ. “ಅಯ್ಯಮ್ಮ, ಈ ಕಡಿ ಬರ್ರಿ. ನಿಮ್ಮ ಅಜ್ಜಗ ಸಾಕ್ಷಿ ಸಿಕ್ಕದ,” ಎಂದು ಮುದುಕಿಯನ್ನು ಕರೆದು, ಕಾಗದವನ್ನು ಕನ್ನಡ ಮಾಡಿ ಮೆಲ್ಲಗೆ ಓದತೊಡಗಿದರು:

“ಓಡಿಹೋದ ಜೀತದಾಳು ರಾಮಲಿಂಗನ್ನ ಬೆನ್ನಟ್ಟಿ ಹಿಡದು, ಹಗ್ಗದಿಂದ ಕಟ್ಟಿ ಎಳಕೊಂಡು ಬಂದ ಮೌನಪ್ಪಗ ಎರಡು ಎಕರೆ ಹೊಲ ಇನಾಮು.”