ಅಧ್ಯಕ್ಷರ ಮನೆ ಸೋರೆಕಾಯಿ

ಚಿಕ್ಕತಾಯಮ್ಮ ಬೇಯಿಸಿದ್ದೆಂಬ ಒಂದೇ ಕಾರಣಕ್ಕೆ, ಶಾಲೆಯ ಬಿಸಿಯೂಟ ಮುಟ್ಟಬೇಡಿರೆಂದು ಊರಿನವರು ಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಅನ್ನ ದಿನವೂ ದನಗಳ ಪಾಲಾಗುತ್ತಿತ್ತು.

ಇವತ್ತು ತಪಾಸಣೆಗೆ ಸಾಹೇಬರು ಬರುವವರಿದ್ದರು. ಜಾತಿನಿಂದನೆ ಕೇಸಾದೀತೆಂದು ಹೆದರಿದ ಶಾಲಾ ಸಮಿತಿಯ ಅಧ್ಯಕ್ಷರು, ತಮ್ಮ ಹಿತ್ತಲ ಚಪ್ಪರದಲ್ಲಿ ಮೊದಲ ಕೊಯ್ಲಿಗೇ ರಾಶಿ ಬಿಟ್ಟಿದ್ದ ಸೋರೆಕಾಯಿಯನ್ನು ಮೂಟೆಗಟ್ಟಲೆ ಹೊರಿಸಿಕೊಂಡು ಅಡುಗೆ ಕೋಣೆಯ ಬಾಗಿಲಿಗೆ ಬಂದರು.

"ನಮ್ಮನೆ ಕಾಯಿ ಅಂತ ಹೇಳಿ ಮಕ್ಳನ್ನ ಒಪ್ಸಿವ್ನಿ. ನನ್ ಮೊಮ್ಮಗನ್ನೇ ಸಾಲಲ್ಲಿ ಮೊದ್ಲು ಕೂರಿಸ್ತೀನಿ, ಇವತ್ತೊಂದಿನ ಎಲ್ಲಾ ಉಣ್ತವೆ. ಸಾಹೇಬ್ರ ಮುಂದೆ ಉಂಡ್ರೆ ನಿನ್ ಕೆಲ್ಸ ಉಳೀತೈತೆ. ಇಲ್ಲಾಂದ್ರೆ ನಾಳೆಯಿಂದ ಬೇರೆಯವ್ಳು."

ಈ ಸಂಬಳ ನಿಂತರೆ ಅವಳ ಮನೆಯಲ್ಲಿ ಹೊಗೆಯೇಳುವಂತಿರಲಿಲ್ಲ. ಕೈ ಮುಗಿದು ಕಾಯಿ ಕುಯ್ಯಲು ಕೂತಳು. ಸೋರೆಯನ್ನು ಸಾರಿಗೆ ಹಾಕುವ ಮುಂಚೆ ಹಸಿ ಹೋಳು ಕಚ್ಚಿ ನೋಡುವುದು ಅವ್ವ ಕಲಿಸಿದ ರೂಢಿ. ಕಚ್ಚಿದವಳೇ ಥೂ ಎಂದು ಉಗಿದಳು. ಇನ್ನೊಂದು ಕುಯ್ದಳು. ಅದೂ ಹಾಗೇ.

"ಬುದ್ಧೀ, ಬಳ್ಳಿಗೇ ಕಹಿ ಹತ್ತೈತೆ. ಇದು ವಿಷ. ಉಂಡ ಮಕ್ಳು ವಾಂತಿ ಮಾಡ್ಕೊಂಡು ಬಿದ್ದೋಯ್ತವೆ."

"ನನ್ ಚಪ್ಪರದ ಕಾಯಿಗೇ ಹೆಸರಿಡ್ತೀಯೇನೇ? ಒಂದಚ್ಚು ಬೆಲ್ಲ ಹಾಕು, ಸರಿಹೋಯ್ತದೆ. ಜೀಪು ಬರೋ ಹೊತ್ತಾಯ್ತು, ಒಲೆ ಹಚ್ಚು."

"ನೀವೇ ಒಂದು ಚೂರು ನಾಲಿಗೆಗಿಟ್ಟು ನೋಡಿ" ಎಂದು ಅವಳು ಹೋಳು ಚಾಚಿದಳು.

ಅವರು ಹಾವು ಕಂಡವರಂತೆ ಹಿಂದಕ್ಕೆ ಸರಿದರು. "ನೀ ಮುಟ್ಟಿ ಕುಯ್ದಿದ್ದನ್ನ ನಾನು ಬಾಯಿಗಿಡೋದಾ?"

"ಸಾಲಲ್ಲಿ ಮೊದಲ್ನೇ ತಟ್ಟೆ ನಿಮ್ಮೊಮ್ಮಗಂದು, ಬುದ್ಧಿ" ಎಂದಳು ಅವಳು. "ನಾನು ಒಲೆ ಹಚ್ಚಾಕಿಲ್ಲ."