ಮುಳ್ಳಿನ ರಬ್ಬರ್

ಚಪಾತಿ ಹಿಟ್ಟು ನಾದುತ್ತಿದ್ದ ಮಹಾಶ್ವೇತಾಳ ಮುಂದೆ ಗಂಡ ವಿರೂಪಾಕ್ಷ ಅವಳ ಟೇಬಲ್ ಟೆನಿಸ್ ಬ್ಯಾಟನ್ನು ಹಿಡಿದ. ಎರಡೂ ಬದಿಯಲ್ಲಿ ನುಣುಪಾದ ಹೊಸ ರಬ್ಬರ್ ಹೊಳೆಯುತ್ತಿತ್ತು.

“ಹಳೇದು ಒಂದ್ ಕಡೆ ಬರೇ ಮುಳ್ಳಮುಳ್ಳ ಇತ್ತು, ಕಿತ್ತ ಒಗದೆ. ಭಾನುವಾರ ಇಲ್ಲೇ ನಮ್ಮ ಹ್ಯಾರಿಸ್ ಪಾರ್ಕ್ ಕ್ಲಬ್ಬಿನ ಡಬಲ್ಸ್‌ನ್ಯಾಗ ನನ್ನ ಜೋಡಿ ಇನ್ನರ ಸ್ವಲ್ಪ ಹೊಡದ ಆಡು. ‘ನಿಮ್ಮ ಮಿಸೆಸ್ ಗ್ವಾಡಿ ಅದಾರೇನ್ರಿ’ ಅಂತ ಎಲ್ಲಾರೂ ನಗ್ತಾರ.”

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಸಣ್ಣ ಉಬ್ಬುಗಳಿದ್ದ ಆ ಮುಳ್ಳಿನ ರಬ್ಬರಿನಿಂದಲೇ ಅವಳು ಮೂರು ವರ್ಷ ರಾಜ್ಯ ಚಾಂಪಿಯನ್ ಆಗಿದ್ದಳು. ಮೇಜಿನಿಂದ ಆರಡಿ ಹಿಂದೆ ನಿಂತು, ಬಂದ ಪ್ರತಿ ಹೊಡೆತವನ್ನೂ ಚೆಂಡಿನ ತಳ ಸವರಿ ಹಿಂದಿರುಗಿಸುತ್ತಿದ್ದಳು. ಗೋಡೆಗೆ ಹೊಡೆದಂತೆ ಹೊಡೆದವರೇ ದಣಿದು ತಪ್ಪುತ್ತಿದ್ದರು. ಹದಿನೈದು ವರ್ಷ ಜೊತೆಗಿದ್ದವನಿಗೆ ಅದು ಆಟವೆಂದೇ ಅನ್ನಿಸಿರಲಿಲ್ಲ. ಒಂದು ಮಾತು ಕೇಳದೆ ಕಿತ್ತಿದ್ದ.

“ಚಂದ ಆಗೇತಿಲ್ಲ?”

“ಆಗೇತ್ರಿ.”

ಅವನು ಹೋದ ಮೇಲೆ ಕಸದ ಡಬ್ಬಿಯಿಂದ ಹಳೆಯ ರಬ್ಬರನ್ನು ತೆಗೆದಳು. ಉಳ್ಳಾಗಡ್ಡಿ ಸಿಪ್ಪೆ ಮೆತ್ತಿಕೊಂಡಿತ್ತು, ಹರಿದಿರಲಿಲ್ಲ. ಸೆರಗಿನಿಂದ ಒಂದೊಂದು ಮುಳ್ಳನ್ನೂ ಒರೆಸಿದಳು. ದೂರದ ಮೆಲ್ಬರ್ನಿನಲ್ಲಿ ಹಿರಿಯ ಆಟಗಾರರಿಗಾಗಿ ನಡೆಯುವ ವೆಟರನ್ಸ್ ಪಂದ್ಯಾವಳಿಯ ಫಾರ್ಮ್ ಎರಡು ವಾರದಿಂದ ಫ್ರಿಜ್ ಮೇಲೆ ಖಾಲಿ ಬಿದ್ದಿತ್ತು. ಆ ಪಂದ್ಯಾವಳಿಯೂ ಇದೇ ಭಾನುವಾರ. ಹಿಟ್ಟು ಮೆತ್ತಿದ ಬೆರಳಲ್ಲೇ ಪೆನ್ನು ಹಿಡಿದು, ಸಿಂಗಲ್ಸ್ ಎಂಬಲ್ಲಿ ಗುರುತು ಹಾಕಿ, ಫಾರ್ಮನ್ನು ಹ್ಯಾಂಡ್‌ಬ್ಯಾಗಿಗೆ ಸೇರಿಸಿದಳು.