ಮೂರನೆಯ ಸಾಲು

ಒಂದು ಹೆಸರು ಹೊಡೆದುಹಾಕಿದರೆ ಅಪ್ಪ ಇಲ್ಲೇ ಉಳಿಯುತ್ತಾರೆ. ಅಷ್ಟೇ ತಾನೆ? ಆದರೆ ಅದನ್ನು ಅವರಿಗೆ ಹೇಳುವವರು ಯಾರು? ತಾನೇ ಬಾಯಿಬಿಡಬೇಕೋ, ಅರ್ಜಿ ಬರೆಯುವ ಹೆಂಗಸು ಹೇಳಲಿ ಎಂದು ಸುಮ್ಮನಿರಬೇಕೋ? ಅವನಿಗೆ ತಿಳಿಯಲಿಲ್ಲ. ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಹದಿನಾಲ್ಕು ವರ್ಷ ಗಾಜು ಉಜ್ಜಿದವನು ಅವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಈಗ ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನ ಮುಖ ನೋಡುವುದು ಮಾತ್ರ ಆಗುತ್ತಿರಲಿಲ್ಲ.

ಕಚೇರಿ ಎರಡನೇ ಮಹಡಿಯಲ್ಲಿತ್ತು. ಕೆಳಗೆ ಬಟ್ಟೆ ಒಗೆಯುವ ಅಂಗಡಿ. ಯಂತ್ರಗಳ ನಡುಕ ನೆಲದಿಂದ ಪಾದಕ್ಕೆ ಹತ್ತುತ್ತಿತ್ತು. ಮೇಜಿನಾಚೆ ಕೂತಾಕೆ ತಮ್ಮ ಭಾಷೆಯವಳೇ ಎಂದು ತಿಳಿದದ್ದೇ ತಡ, ಅವಳ ಕೋಟಿನ ತೋಳು ಅರ್ಧ ಇಂಚು ಉದ್ದವಾಯಿತೆಂದು ಅಪ್ಪ ಹೇಳಿ, ಅದನ್ನು ಹೊಲಿದ ಪುಣ್ಯಾತ್ಮ ಯಾರೆಂದು ವಿಚಾರಿಸಿದ್ದರು. ನಲವತ್ತು ವರ್ಷ ದರ್ಜಿಯಾಗಿದ್ದವರ ಬಾಯಿ. ಅವಳು ನಗುತ್ತಲೇ ಅರ್ಜಿ ಬಿಡಿಸಿಟ್ಟಿದ್ದಳು.

ತಂದೆತಾಯಿ ಇಲ್ಲಿ ಖಾಯಂ ಆಗಿ ಉಳಿಯಬೇಕಾದರೆ ಅವರ ಮಕ್ಕಳಲ್ಲಿ ಅರ್ಧದಷ್ಟಾದರೂ ಈ ದೇಶದಲ್ಲಿ ನೆಲೆಸಿರಬೇಕು. ಕಾನೂನು ಅಷ್ಟೇ. ಅವನು ಇಲ್ಲಿ, ಅಕ್ಕ ಊರಲ್ಲಿ ಅತ್ತೆಯ ಮನೆಯಲ್ಲಿ. ಇಬ್ಬರಲ್ಲಿ ಒಬ್ಬ; ಸರಿಹೋಗುತ್ತಿತ್ತು. ಆದರೆ ಹಿಂದಿನ ದಿನ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಕೈಯಾರೆ ತುಂಬಿದ ಅರ್ಜಿಯಲ್ಲಿ, ಮಕ್ಕಳ ಕಾಲಮ್ಮಿನಲ್ಲಿ, ಮೂರು ಸಾಲುಗಳಿದ್ದವು. ಮೂರನೆಯದು ಗುಂಡನದು. ಗುಂಡ ಅಪ್ಪನ ಅಣ್ಣನ ಮಗ. ಹೆತ್ತವರಿಬ್ಬರೂ ಒಂದೇ ವರ್ಷ ತೀರಿಹೋದಾಗ ಎರಡು ವರ್ಷದ ಕೂಸನ್ನು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದಿದ್ದರು. ಶಾಲೆಗೆ ಸೇರಿಸುವಾಗ ತಂದೆಯೆಂದು ತಮ್ಮ ಹೆಸರನ್ನೇ ಬರೆಸಿದರು. ದತ್ತು, ಪತ್ರ ಎಂದೆಲ್ಲ ಯಾರಿಗೂ ಹೊಳೆದಿರಲಿಲ್ಲ. ಅಂಗಿಗೆ ಬಟ್ಟೆ ತಂದರೆ ಒಂದೇ ಥಾನಿನಿಂದ ಮೂವರಿಗೂ ಕತ್ತರಿಸುತ್ತಿದ್ದರು. ಗುಂಡ ಈಗ ಸರಕು ಹಡಗೊಂದರಲ್ಲಿ ಅಡುಗೆಯವನು. ಯಾವ ದೇಶದಲ್ಲೂ ನೆಲೆಸಿದವನಲ್ಲ.

ಅಪ್ಪನ ಭೇಟಿಯ ಅವಧಿ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಈ ವಯಸ್ಸಿನಲ್ಲಿ, ಆ ಎದೆಯ ರಿಪೋರ್ಟು ನೋಡಿದ ಮೇಲೆ, ಇನ್ನೊಂದು ಸಲ ಒಳಗೆ ಬಿಡುವುದು ಸಂಶಯವೇ. ಆರು ತಿಂಗಳಿಂದ ಅವನು ಜೇಬಿನಿಂದ ಬೀಗದ ಕೈ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸುತ್ತಲೇ ಅಪ್ಪ ಒಳಗಿನಿಂದ ಬಾಗಿಲು ತೆರೆಯುತ್ತಿದ್ದರು. ಅದೆಂಥ ಸುಖವೆಂದು ಅವನು ಯಾರಿಗೂ ವಿವರಿಸಲಾರ.

“ಅಂಕಲ್, ಈ ಮೂರನೆಯವರು ನಿಮ್ಮ ಸ್ವಂತ ಮಗ ಅಲ್ವಂತೆ,” ಕೊನೆಗೆ ಅವಳೇ ಶುರುಮಾಡಿದಳು.

“ಯಾರು ಹಾಗಂದಿದ್ದು?”

ಬೆಳಿಗ್ಗೆ ಫೋನಿನಲ್ಲಿ ಅವಳಿಗೆ ಹಾಗೆಂದಿದ್ದ ಮಗ ಕಿಟಕಿಯ ಕಡೆ ತಿರುಗಿದ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ದತ್ತು ಪತ್ರವಿಲ್ಲ, ಜನನ ಪತ್ರದಲ್ಲಿ ಬೇರೆ ತಂದೆಯ ಹೆಸರಿದೆ. ಬರೆಯದಿದ್ದರೆ ಸುಳ್ಳು ಹೇಳಿದಂತೇನೂ ಅಲ್ಲ. ನೀವಾಗಿ ಬರೆದುಕೊಟ್ಟರೆ, ಶಾಲೆಯ ದಾಖಲೆಯನ್ನೂ ನೋಡಿ, ಅಧಿಕಾರಿಗಳು ಮಗನೆಂದೇ ಎಣಿಸುತ್ತಾರೆ. ಆಗ ಮೂವರಲ್ಲಿ ಒಬ್ಬ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರೆ ಸಾಕು ಎಂದು ಪೆನ್ನು ಮುಂದಿಟ್ಟಳು.

ಅಪ್ಪ ಪೆನ್ನು ಕೈಗೆತ್ತಿಕೊಂಡರು.

“ಈ ಕಾಗದ ಎಷ್ಟು ದಿನ ಇಟ್ಕೋತಾರಮ್ಮ?”

“ಇದನ್ನ ಬಿಸಾಡೋದೇ ಇಲ್ಲ ಅಂಕಲ್. ನಾವೆಲ್ಲ ಹೋದ ಮೇಲೂ ಇರುತ್ತೆ.”

ಅಪ್ಪ ಸ್ವಲ್ಪ ಹೊತ್ತು ಮೂರನೆಯ ಸಾಲನ್ನು ನೋಡಿದರು. “ಹಾಗಾದ್ರೆ ಮೂರೇ ಇರ್ಲಿ ಬಿಡು,” ಎಂದು ಪೆನ್ನು ಕೆಳಗಿಟ್ಟರು.

“ಅಪ್ಪಾ, ಗುಂಡ ಏನೂ ಅಂದ್ಕೊಳ್ಳಲ್ಲ.”

“ಅಂದ್ಕೊಳ್ಳಲ್ಲ. ಅದಕ್ಕೇ ಬೇಡ ಅಂದೆ.”

ಅವಳು ಅರ್ಜಿಯನ್ನು ಮಡಿಸದೆ, ಹರಿಯದೆ, ಹಾಗೇ ಫೈಲಿನೊಳಗೆ ಸರಿಸಿದಳು. ಮನಸ್ಸು ಬದಲಾದರೆ ಸಂಜೆಯವರೆಗೂ ಇರುತ್ತೇನೆ ಎಂದು ಮಗನಿಗೆ ಮಾತ್ರ ಕೇಳಿಸುವಂತೆ ಹೇಳಿದಳು.

ಬಸ್ ನಿಲ್ದಾಣದಲ್ಲಿ ಅಪ್ಪ ಗೆಲುವಾಗಿದ್ದರು, ಅಥವಾ ಹಾಗೆ ಕಾಣಿಸಿಕೊಂಡರು. ಆ ಹುಡುಗಿಯ ಕೋಟು ಇಸ್ಕೊಂಡು ಬಂದಿದ್ದರೆ ಒಂಬತ್ತು ದಿನದಲ್ಲಿ ಒಂಬತ್ತು ಸಲ ತೋಳು ಬಿಚ್ಚಿ ಹೊಲಿಯಬಹುದಿತ್ತು ಎಂದರು. ಅವನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು.

ಗುಂಡ, ಯಾವುದೋ ಬಂದರಿನಿಂದ. ಹಿಂದಿನ ರಾತ್ರಿ ಇವನಿಂದ ಕೇಳಿದ್ದ ಅಕ್ಕ ಅವನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಒಂದು ಹಾಳೆಯ ಮೇಲೆ ಬರೆದು, ಅದರ ಫೋಟೋ ತೆಗೆದು ಕಳಿಸಿದ್ದ. ತಾನು ಇವರ ಮಗನಲ್ಲ, ಅಣ್ಣನ ಮಗ, ಮಕ್ಕಳ ಲೆಕ್ಕಕ್ಕೆ ತನ್ನನ್ನು ಹಿಡಿಯಬಾರದು ಎಂದು ನಾಲ್ಕು ಸಾಲು, ಕೆಳಗೆ ಸಹಿ. ಇದು ಸಾಕೇನೋ ನೋಡು ಎಂಬ ಒಕ್ಕಣೆ. ಮಗ ಬೆರಳಿನಿಂದ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದ. ತಂದೆಯ ಹೆಸರು ಎಂಬಲ್ಲಿ ಗುಂಡ ಮೊದಲು ಅಪ್ಪನ ಹೆಸರನ್ನೇ ಬರೆದಿದ್ದ. ಆಮೇಲೆ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತೀರಿಹೋದ ದೊಡ್ಡಪ್ಪನ ಹೆಸರು ಸೇರಿಸಿದ್ದ. ಗೆರೆ ಎಳೆದ ಕಡೆ ಕಾಗದ ಹರಿದಿತ್ತು.

“ಯಾರದೋ ಅದು?”

“ಅಂಗಡಿಯವ್ರು.”

ಬಸ್ಸು ಬಂತು. ಅಪ್ಪ ಕಂಬಿ ಹಿಡಿದು ನಿಧಾನಕ್ಕೆ ಹತ್ತಿ, ಕಿಟಕಿಯ ಪಕ್ಕ ಕೂತು, ಖಾಲಿ ಜಾಗವನ್ನು ಕೈಯಿಂದ ತಟ್ಟಿ ಅವನನ್ನು ಕರೆದರು. ಅವನು ಹೋಗಿ ಕೂತ.

ಅಂಥದೊಂದು ಕಾಗದ ಬಂದಿತ್ತೆಂದು ಅವನು ಅಪ್ಪನಿಗೆ ಹೇಳಲಿಲ್ಲ. ಉಳಿದ ಒಂಬತ್ತು ದಿನಗಳಲ್ಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.